ಕೇಸರಿಯ ಗಂಟು ಕಟ್ಟುವ ಇಜ್ಜಾ

ಬೆಟ್ಟದ ಹಿಂದೆ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಅಗರ್ಸಾಫ್ ಊರಿನ ಹೆಂಗಸರು ಆಗಲೇ ಹೊಲದಲ್ಲಿ ಬಗ್ಗಿದ್ದಾರೆ. ಕೇಸರಿ ಹೂವನ್ನು ಅದು ಅರಳುವ ಮುಂಚೆ ಕೀಳಬೇಕು. ಬಿಸಿಲು ತಾಗಿದರೆ ಒಳಗಿನ ಎಳೆ ಬಾಡುತ್ತದೆ. ಮಣ್ಣು ತಣ್ಣಗಿದೆ, ಬೆರಳು ಮರಗಟ್ಟುತ್ತವೆ. ಸಾಲಿನ ತುದಿಯಲ್ಲಿ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಎರಡೂ ಕೈಯಲ್ಲಿ ಹೂ ಕೀಳುತ್ತಿರುವವಳು ಇಜ್ಜಾ. ವಯಸ್ಸು ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಅವಳಿಗೂ ಗೊತ್ತಿಲ್ಲ.

ಈ ಹೊಲ ಅವಳದಲ್ಲ. ಅವಳಿಗಿರುವುದು ಮೇಲಿನ ದಿಣ್ಣೆಯಲ್ಲಿ ನಾಲ್ಕು ಚಾಪೆಯಷ್ಟು ಜಾಗ. ಆದರೂ ಹೂವಿನ ಕಾಲದಲ್ಲಿ ಅವಳು ದಿನಕ್ಕೊಂದು ಹೊಲದಲ್ಲಿರುತ್ತಾಳೆ. ಯಾಕೆ ಎಂದು ಕೇಳಿದರೆ, "ಹೂ ಎಷ್ಟು ಬಿಟ್ಟಿದೆ ಅಂತ ಕಣ್ಣಲ್ಲಿ ನೋಡ್ದೆ ಆ ಮನೇಲಿ ಕೂತು ಹೆಂಗೆ ಪಾಲು ಮಾಡ್ಲಿ?" ಎನ್ನುತ್ತಾಳೆ.

ಪಕ್ಕದ ಸಾಲಿನವಳೊಬ್ಬಳು, ಹಿರಿಯ ಹೆಂಗಸರಿಗೆ ಮರ್ಯಾದೆಯಿಂದ ಹೇಳುವ 'ಲಲ್ಲಾ' ಸೇರಿಸಿ ಕೆಣಕುತ್ತಾಳೆ: "ಲಲ್ಲಾ ಇಜ್ಜಾ ಬಂದ್ಳು, ಸಕ್ಕರೆ ಗಟ್ಟಿ ಬಚ್ಚಿಡ್ರೇ. ಅದನ್ನೂ ನಾಲ್ಕು ಪಾಲು ಮಾಡ್ತಾಳೆ."

"ನಿನ್ನ ಗಂಡನ್ನ ಪಾಲು ಮಾಡ್ಲಿಲ್ವಲ್ಲ, ಸುಮ್ನೆ ಕೀಳು," ಎನ್ನುತ್ತಾಳೆ ಇಜ್ಜಾ, ತಲೆ ಎತ್ತದೆ. ಸಾಲಿಗೆ ಸಾಲೇ ನಗುತ್ತದೆ.

ತಾಲಿವಿನ್ ಪಟ್ಟಣದ ಸುತ್ತಿನ ಈ ಕಣಿವೆಗಳಲ್ಲಿ ಹೂವಿನ ಕಾಲ ಮೂರು ವಾರ. ಆ ಮೂರು ವಾರದ ಬೆಳೆಯಲ್ಲಿ ಮನೆ ಒಂದು ವರ್ಷ ನಡೆಯಬೇಕು. ನೂರೈವತ್ತು ಹೂವಿನ ಎಳೆ ಬಿಡಿಸಿ ಒಣಗಿಸಿದರೆ ಒಂದು ಗ್ರಾಂ. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಬೆಲೆ ಬೀಳುತ್ತದೆ, ರಂಜಾನ್ ಹತ್ತಿರ ಬಂದಾಗ ಏರುತ್ತದೆ. ದುಡ್ಡು ಕೈಗೆ ಬಂದರೆ ನಿಲ್ಲುವುದಿಲ್ಲ. ಒಣಗಿದ ಕೇಸರಿ ಮಾತ್ರ ಕತ್ತಲಲ್ಲಿಟ್ಟರೆ ಎರಡು ಮೂರು ವರ್ಷ ಕೆಡದೆ ಇರುತ್ತದೆ. ಆದ್ದರಿಂದ ಇಲ್ಲಿಯವರ ಉಳಿತಾಯವೆಲ್ಲ ಮರದ ಪೆಟ್ಟಿಗೆಯೊಳಗೆ ಬಟ್ಟೆಯ ಗಂಟುಗಳಲ್ಲಿದೆ. ಯಾವ ಗಂಟಿಗೆ ಎಷ್ಟು, ಯಾವುದನ್ನು ಯಾವಾಗ ಬಿಚ್ಚಬೇಕು ಎನ್ನುವುದನ್ನು ಮನೆಯವರೊಡನೆ ಕೂತು ಗೊತ್ತು ಮಾಡುವುದೇ ಇಜ್ಜಾಳ ಕೆಲಸ.

ಎಳೆ ಒಣಗಿದ ಮೇಲೆ ಅವಳಿಗೆ ಕರೆ ಬರುತ್ತದೆ. ಬಿಳಿ ಬಟ್ಟೆ ಹಾಸಿ ಕೆಂಪು ರಾಶಿ ಸುರಿಯುತ್ತಾರೆ. ಸೊಸೆಯಂದಿರೂ ಕೂರಬೇಕು ಎನ್ನುವುದು ಅವಳ ಷರತ್ತು. ಮೊದಲ ಪಾಲು ಹಿಟ್ಟು ಎಣ್ಣೆಗೆ, ಅದು ಬೇಗ ಸಂತೆಗೆ ಹೋಗುತ್ತದೆ. ಆಮೇಲೆ ಹೊಲದ್ದು: ಗೊಬ್ಬರ, ನೀರಿನ ಸರದಿ, ಗಡ್ಡೆ ಅಗೆದು ಮತ್ತೆ ನೆಡುವ ಖರ್ಚು. ಆಮೇಲೆ ಮಕ್ಕಳದ್ದು. ಕೊನೆಗೆ ಕಾಯಿಲೆಯದ್ದು. ಕಾಯಿಲೆಯ ಗಂಟಿಗೆ ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ದಾರ ಕಟ್ಟುತ್ತಾಳೆ. ಮಕ್ಕಳ ಗಂಟನ್ನು ಮಾತ್ರ ಮನೆಯ ಇಬ್ಬರು ಆಚೆ ಈಚೆ ಹಿಡಿದು ಎಳೆದು ಬಿಗಿಯಬೇಕು, ಬಿಚ್ಚುವಾಗಲೂ ಆ ಇಬ್ಬರೂ ಇರಬೇಕು. ಒಬ್ಬರೇ ಕದ್ದು ಬಿಚ್ಚಬಾರದೆಂದು ಅವಳು ತಂದ ಪದ್ಧತಿ ಇದು. ನನ್ನ ಊರೂ ಇದೇ. ಕಳೆದ ವರ್ಷ ನಮ್ಮ ಮನೆಯಲ್ಲಿ ನನ್ನೆದುರು ಕೂತು ಆ ತುದಿ ಹಿಡಿದವಳು ಇಜ್ಜಾಳೇ. ಹಿಡಿಯಲು ಬೇರೆ ಯಾರೂ ಇರಲಿಲ್ಲ.

ಈ ಕೆಲಸವನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಗಂಡ ಕಾಸಾಬ್ಲಾಂಕಾಗೆ ಕೂಲಿಗೆ ಹೋದ, ಕೆಲವು ವರ್ಷ ಹಣ ಕಳಿಸಿದ, ಆಮೇಲೆ ನಿಲ್ಲಿಸಿದ. ಕೈಯಲ್ಲಿ ಒಬ್ಬಳೇ ಮಗಳು. ಹಳೆಯ ಬಾರ್ಲಿ ಮುಗಿದು ಹೊಸದು ಬರುವ ಮುಂಚಿನ ತಿಂಗಳಲ್ಲೂ ಅವಳ ಒಲೆ ಉರಿಯುವುದನ್ನು ಅಕ್ಕಪಕ್ಕದವರು ನೋಡಿದರು, ಹೇಗೆ ಎಂದು ಕೇಳಿದರು. ಈಗ ಮೂರು ಊರಿನವರು ಕರೆಯುತ್ತಾರೆ. ಕೊಡುವುದು ಒಂದು ಚಿಟಿಕೆ ಕೇಸರಿ, ಇಲ್ಲವೇ ಎರಡು ರೊಟ್ಟಿ. ಕೆಲವರು ಅದನ್ನೂ ಮರೆಯುತ್ತಾರೆ.

ಸೋಮವಾರದ ಸಂತೆಯಲ್ಲಿ ಕೇಸರಿ ಕೊಳ್ಳುವ ಹ್ಮಾದ್‌ಗೆ ಅವಳ ಹೆಸರೆತ್ತಿದರೆ ಆಗದು. "ಮುಂಚೆ ಹೂವಿನ ಕಾಲದಲ್ಲಿ ಒಂದು ಸುತ್ತು ಹಾಕಿದ್ರೆ ಚೀಲ ತುಂಬ್ತಿತ್ತು. ಈಗ ಅಗರ್ಸಾಫಿಗೆ ಹೋದ್ರೆ ಚಹಾ ಕುಡಿಸಿ ಕಳಿಸ್ತಾರೆ. ಎಲ್ಲಾ ಆ ಮುದುಕಿ ಕೆಲ್ಸ," ಎನ್ನುತ್ತಾನೆ. ಆದರೂ ತನ್ನ ತಂಗಿಯ ಮನೆಯ ಗಂಟು ಕಟ್ಟಲು ಅವಳನ್ನೇ ಕರೆಸಿದ್ದನ್ನು ಒಪ್ಪಿಕೊಳ್ಳುತ್ತಾನೆ.

ಇಜ್ಜಾಳ ಮಾತು ನಡೆಯದ ಮನೆ ಊರಿನಲ್ಲಿ ಒಂದಿದೆ. ಅದು ರಖಿಯಾಳ ಮನೆ, ನಮ್ಮ ಗೋಡೆಯ ಆಚೆಗೆ.

ರಖಿಯಾಳ ಮಗ ಬಿಹಿ ಎರಡು ಹೂವಿನ ಕಾಲದ ಹಿಂದೆ ಮಗಳು ತುದಾಳ ಹೆಸರಿನಲ್ಲಿ ಗಂಟು ಕಟ್ಟಿದ. ಒಂದು ತುದಿ ಅವನು ಹಿಡಿದ, ಇನ್ನೊಂದನ್ನು ತಾಯಿ ಹಿಡಿದಳು. ಮುಂದಿನ ವಸಂತದಲ್ಲಿ ಘಟ್ಟದ ತಿರುವಿನಲ್ಲಿ ಟ್ರಕ್ಕು ಮಗುಚಿ ಅವನು ಹೋದ. ಮನೆಯಲ್ಲಿ ಈಗ ರಖಿಯಾ, ಸೊಸೆ ಕಲ್ತುಮ್, ಐದು ವರ್ಷದ ತುದಾ. ಮಗುವಿನ ಬಲಗಣ್ಣಿಗೆ ಪೊರೆ ಬಂದಿದೆ. ತಾರುದಾಂತ್ ಪಟ್ಟಣದ ವೈದ್ಯರು ಈ ಚಳಿಗಾಲದೊಳಗೆ ಶಸ್ತ್ರಚಿಕಿತ್ಸೆ ಆಗಲೇಬೇಕು, ತಡವಾದರೆ ಆ ಕಣ್ಣು ನೋಡುವುದನ್ನು ಕಲಿಯುವುದೇ ಇಲ್ಲ ಎಂದಿದ್ದಾರೆ. ಕಣ್ಣಿನೊಳಗೆ ಇಡುವ ಮಸೂರ, ಬಸ್ಸು, ಊಟ ವಸತಿ ಎಲ್ಲ ಸೇರಿ ಆರು ಸಾವಿರ ದಿರ್ಹಮ್. ಈ ಸಲ ಹೂ ಕಡಿಮೆ. ಕಾಯಿಲೆಯ ಗಂಟಿನಲ್ಲಿರುವುದು ಅದರ ಅರ್ಧಕ್ಕೂ ಸಾಲದು. ಉಳಿದದ್ದು ಬಿಹಿಯ ಗಂಟಿನಲ್ಲಿದೆ. ಅದನ್ನು ಬಿಚ್ಚಲು ರಖಿಯಾ ಬಿಡುತ್ತಿಲ್ಲ.

ಹೊಲದಿಂದ ಬಂದ ಇಜ್ಜಾ ಕೈ ತೊಳೆದು ಅಲ್ಲಿಗೆ ಹೋಗುತ್ತಾಳೆ. ನಾನೂ ಹೋಗುತ್ತೇನೆ. ಗಡ್ಡೆಗಳನ್ನೇ ಮಾರಿಬಿಡೋಣ ಎನ್ನುತ್ತಾಳೆ ರಖಿಯಾ. ಗಡ್ಡೆ ಹೋದರೆ ಹೊಲವೇ ಹೋದ ಹಾಗೆ ಎಂದು ಕಲ್ತುಮ್ ಮೆಲ್ಲಗೆ ಹೇಳುತ್ತಾಳೆ. ಎರಡು ವರ್ಷ ತುಂಬಿದ ಕೇಸರಿ, ಇನ್ನೂ ಇಟ್ಟರೆ ಬೆಲೆ ಇಳಿಯುತ್ತಲೇ ಹೋಗುತ್ತದೆ ಎಂದು ಇಜ್ಜಾ ವಿವರಿಸುತ್ತಾಳೆ. ರಖಿಯಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಹೇಳುತ್ತಾಳೆ:

"ಕಟ್ಟಿದ ಇಬ್ಬರೂ ಕೂತು ಬಿಚ್ಚಬೇಕು ಅಂದವಳು ನೀನೇ ಅಲ್ವಾ? ಅವನನ್ನ ಕರ್ಕೊಂಡ್ ಬಾ, ಬಿಚ್ತೀನಿ."

ಇಜ್ಜಾ ಮಗುವಿನ ತಲೆ ಸವರಿ ಎದ್ದು ಹೋಗುತ್ತಾಳೆ.

ಮರುದಿನ ನಾನೂ ಅಲ್ಲಿ ಕೂತು ಹೂವಿನ ಎಳೆ ಬಿಡಿಸುವ ಹೊತ್ತಿಗೆ ಅವಳು ಮತ್ತೆ ಬರುತ್ತಾಳೆ. ರಖಿಯಾಳ ಎದುರು ಕೂತು ತಲೆವಸ್ತ್ರದೊಳಗಿನಿಂದ ಒಂದು ಪುಟ್ಟ ಗಂಟು ತೆಗೆದು ನೆಲದ ಮೇಲೆ ಇಡುತ್ತಾಳೆ. ಬಟ್ಟೆ ಕಂದಿದೆ. ಹಲ್ಲಿನಿಂದ ದಾರ ಸಡಿಲಿಸಿ ಬಿಚ್ಚುತ್ತಾಳೆ. ಒಳಗಿರುವುದು ಒಣಹುಲ್ಲಿನ ಬಣ್ಣದ ಪುಡಿ.

"ನನ್ನ ಫಾದ್ಮಾದು ಇದು. ಮದ್ವೆಗೆ ಅಂತ ಅವಳೂ ನಾನೂ ಸೇರಿ ಕಟ್ಟಿದ್ದು. ಆಗ ಕಾಯಿಲೆಗೆ ಅಂತ ನಾನು ಪಾಲು ಇಡ್ತಿರ್ಲಿಲ್ಲ. ಅವಳಿಗೆ ಹೊಟ್ಟೆನೋವು ಬಂತು. ರಂಜಾನ್‌ಗೆ ಬೆಲೆ ಏರುತ್ತೆ, ಇನ್ನೊಂದು ವಾರ ತಡ್ಕೊ ಮಗಳೇ ಅಂದೆ. ತಡ್ಕೊಂಡ್ಳು. ಹೇಸರಗತ್ತೆ ಮೇಲೆ ಕೂರಿಸ್ಕೊಂಡು ಹೊರಟಾಗ ಅರ್ಧ ದಾರೀಲೇ ಹೋದ್ಳು. ಆಮೇಲೆ ಇದನ್ನ ಮಾರೋಕೆ ಕೈ ಬರ್ಲಿಲ್ಲ. ದಾರದಲ್ಲಿ ಅವಳ ಕೈ ಇದೆ ಅಂತ ನಾನೂ ಅಂದ್ಕೊಂಡಿದ್ದೆ, ರಖಿಯಾ. ಮೂಸಿ ನೋಡು."

ರಖಿಯಾ ಬಟ್ಟೆಯನ್ನು ಮೂಗಿನ ಹತ್ತಿರ ತರುತ್ತಾಳೆ. ಮತ್ತೊಮ್ಮೆ ಮೂಸುತ್ತಾಳೆ.

"ಏನೂ ಇಲ್ಲ," ಎನ್ನುತ್ತಾಳೆ.

"ಹೂಂ. ಅವಳೂ ಇಲ್ಲ, ಇದೂ ಇಲ್ಲ."

ಅಂಗಳದಲ್ಲಿ ಬಿಡಿಸಿ ಎಸೆದ ನೇರಳೆ ಎಸಳುಗಳ ಮೇಲೆ ತುದಾ ಆಡುತ್ತಿದ್ದಾಳೆ. ಬಲಗಡೆ ಏನಾದರೂ ಬೇಕಾದರೆ ಅವಳು ಇಡೀ ಮುಖವನ್ನು ಆ ಕಡೆ ತಿರುಗಿಸಬೇಕು. ರಖಿಯಾ ಅದನ್ನೇ ನೋಡುತ್ತಾ ಕೂರುತ್ತಾಳೆ. ಆಮೇಲೆ ಒಳಗೆ ಹೋಗಿ ಮಗನ ಗಂಟು ತರುತ್ತಾಳೆ. ಕತ್ತರಿ ತರಲೇ ಎಂದು ನಾನು ಕೇಳುತ್ತೇನೆ. ಬೇಡ ಎಂದು ತಲೆ ಆಡಿಸಿ ಸೊಸೆಯನ್ನು ಕರೆಯುತ್ತಾಳೆ.

"ಬಾ ಇಲ್ಲಿ. ಅವನ ಜಾಗದಲ್ಲಿ ನೀನು ಕೂತ್ಕೊ."

ಕಲ್ತುಮ್ ಕೂರುತ್ತಾಳೆ, ದಾರದ ಆ ತುದಿ ಹಿಡಿಯುತ್ತಾಳೆ. ಬಿಹಿ ಗಟ್ಟಿಯಾಗಿಯೇ ಕಟ್ಟಿದ್ದಾನೆ. ಅತ್ತೆ ಸೊಸೆ ಇಬ್ಬರ ಉಗುರೂ ಜಾರುತ್ತದೆ. ಬಿಚ್ಚಿಕೊಂಡಾಗ ಒಳಗೆ ಕೇಸರಿ ಇನ್ನೂ ಕೆಂಪಗಿದೆ. ಇಜ್ಜಾ ಎರಡು ಎಳೆಯನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾಳೆ. ಹೊಸದರ ಬೆಲೆ ಬರುವುದಿಲ್ಲ, ಆದರೆ ಕಣ್ಣಿಗೆ ಸಾಕಾಗುತ್ತದೆ ಎನ್ನುತ್ತಾಳೆ. ದಾರವನ್ನು ರಖಿಯಾ ಬೆರಳಿಗೆ ಸುತ್ತಿಕೊಂಡು ಒಳಗೆ ಹೋಗುತ್ತಾಳೆ. ಆ ದಿನ ಮತ್ತೆ ಹೊರಗೆ ಬರುವುದಿಲ್ಲ.

ಸೋಮವಾರ ಕಲ್ತುಮ್ ತಾನೇ ಸಂತೆಗೆ ಹೋಗುತ್ತಾಳೆ. ಇಜ್ಜಾ ಜೊತೆಗಿರುತ್ತಾಳೆ, ಬಾಯಿ ಹಾಕುವುದಿಲ್ಲ. ಹ್ಮಾದ್ ಎರಡು ಸಲ ಬೆಲೆ ಇಳಿಸುತ್ತಾನೆ, ಕಲ್ತುಮ್ ಎರಡು ಸಲ ಗಂಟು ಮುಚ್ಚಿ ಎದ್ದು ನಿಲ್ಲುತ್ತಾಳೆ. ಮೂರನೆಯ ಸಲ ಅವನು ಒಪ್ಪುತ್ತಾನೆ. ಆಸ್ಪತ್ರೆಯವರು ಮುಂದಿನ ತಿಂಗಳು ಬರಹೇಳಿದ್ದಾರೆ. ಕಣ್ಣು ಪೂರ್ತಿ ಬರುತ್ತದೆ ಎಂದು ಅವರೂ ಹೇಳಿಲ್ಲ.

ಈ ಬರಹಕ್ಕೆಂದು ಕೊನೆಯ ಸಲ ಹೋದಾಗ ಇಜ್ಜಾ ಮನೆಯ ಮುಂದೆ ಕೂತು ಹೂವಿನ ಎಳೆ ಬಿಡಿಸುತ್ತಿದ್ದಾಳೆ. ಫಾದ್ಮಾಳ ಗಂಟಿನಲ್ಲಿದ್ದದ್ದನ್ನು ಏನು ಮಾಡಿದೆ ಎಂದು ಕೇಳುತ್ತೇನೆ. ಆ ಸಂಜೆ ಚಹಾಕ್ಕೆ ಹಾಕಿ ಕುಡಿದಳಂತೆ. ರುಚಿ ಇರಲಿಲ್ಲವಂತೆ, ಬಣ್ಣ ಮಾತ್ರ ಒಂದಿಷ್ಟು ಬಂತಂತೆ. ಬಟ್ಟೆಯನ್ನು ಒಗೆದು ಕಲ್ಲಿನ ಮೇಲೆ ಒಣಗಲು ಹಾಕಿದ್ದಾಳೆ. ಈ ವರ್ಷ ತನ್ನ ಹೊಲದಿಂದ ಬಂದದ್ದರಲ್ಲಿ ಒಂದು ಪಾಲು ಅದರಲ್ಲಿ ಕಟ್ಟಿಡುತ್ತಾಳಂತೆ. ಇನ್ನು ಯಾರಿಗೆ ಎಂದು ನಾನು ಕೇಳುವುದಿಲ್ಲ. ಅವಳೇ ಹೇಳುತ್ತಾಳೆ.

"ನನ್ನ ಮಣ್ಣಿನ ಖರ್ಚಿಗೆ. ನಾನು ಹೋದ ದಿನ ಈ ಊರಲ್ಲಿ ಯಾರೂ ನನಗೋಸ್ಕರ ಅವರ ಗಂಟು ಬಿಚ್ಚಬಾರ್ದು."