ಪುಸ್ತಕದ ಹುಳುಗಳ ಹಾಡು ಕೇಳಿಸಿದ ಅಕ್ಕೋರು

ಅಕ್ಕೋರ ಕೊರಳಲ್ಲಿ ಬಂಗಾರದ ಸರ ಕಂಡ ನೆನಪು ನನಗಿಲ್ಲ. ಅಲ್ಲಿ ಯಾವಾಗಲೂ ಒಂದು ದೊಡ್ಡ ಕರಿಯ ಹೆಡ್‌ಫೋನು ಇರುತ್ತಿತ್ತು. ಅದರ ಎಡಗಿವಿಯ ಮೆತ್ತೆ ಹರಿದುಹೋಗಿ, ಒಳಗಿನ ಸ್ಪಂಜು ಹೊರಗೆ ಬಾರದಂತೆ ಕರೆಂಟಿನ ತಂತಿಗೆ ಸುತ್ತುವ ಕರಿ ಟೇಪು ಸುತ್ತಿದ್ದರು. ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆದವರೇ ಕೂದಲು ಸರಿಮಾಡಿಕೊಳ್ಳುವ ಮೊದಲು ಚೀಲದಿಂದ ಹೆಡ್‌ಫೋನು ತೆಗೆದು ಕೊರಳಿಗೆ ಹಾಕಿಕೊಳ್ಳುವರು. ಇಳಕಲ್ ಸೀರೆಯ ಸೆರಗಿನ ಮೇಲೆ ಅದು ಕೂತಿರುವುದನ್ನು ನೋಡಿ, ಪ್ರಾರ್ಥನೆಗೆ ಸಾಲು ನಿಂತ ನಾವು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಂಡು ನಗುತ್ತಿದ್ದೆವು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ. ಇವರು ವಿಜ್ಞಾನದ ಅಕ್ಕೋರು. ಇಂಡಿ ತಾಲೂಕಿನ ಅಗರಖೇಡದ ಬೌದ್ಧ ಮನೆತನದವರು. ಮದುವೆ ಮಾಡಿಕೊಂಡಿರಲಿಲ್ಲ, ವಯಸ್ಸು ನಲವತ್ತು ದಾಟಿತ್ತು. ಮನಗೂಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಅಲ್ಲಿಂದ ದಿನಾ ನಮ್ಮೂರಿನ ಹೈಸ್ಕೂಲಿಗೆ ಬರುತ್ತಿದ್ದರು. ಅವರು ಹೆಡ್‌ಫೋನಿನಲ್ಲಿ ಏನು ಕೇಳುತ್ತಾರೆ ಎಂಬ ಬಗ್ಗೆ ಊರಲ್ಲಿ ಹಲವು ಊಹೆಗಳಿದ್ದವು. ವಚನ ಎನ್ನುವವರಿದ್ದರು, ಬುದ್ಧವಂದನೆ ಎನ್ನುವವರಿದ್ದರು. ನಮ್ಮ ಪಿ.ಟಿ. ಮಾಸ್ತರರು ಮಾತ್ರ ಹಳೆಯ ಹಿಂದಿ ಸಿನೆಮಾದ ಹಾಡು ಎಂದು ಪಂತ ಕಟ್ಟಿದ್ದರು.

ಒಂಬತ್ತನೆಯ ತರಗತಿಯಲ್ಲಿ ನನಗೆ ಅದು ಗೊತ್ತಾಯಿತು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಾಠದ ಶಬ್ದಗಳಿಗೆ ಪ್ರಾಸ ಕೂಡಿಸಿ ಗೀಚುವ ಚಟ ನನಗಿತ್ತು. ಸೋಡಿಯಂ ನೀರಿಗೆ ಬಿತ್ತು, ನೀರಿನ ಮಾರಿ ಕೆಂಪಗಾತು, ಹೀಗೆ ಏನೇನೋ. ಅಕ್ಕೋರು ನೋಟ್‌ಬುಕ್ಕು ತಿದ್ದುವಾಗ ಅದನ್ನು ನೋಡಿ ನನ್ನನ್ನು ಪ್ರಯೋಗಾಲಯಕ್ಕೆ ಕರೆಸಿದರು. ಹೊಡೆತ ಖಾತ್ರಿ ಎಂದುಕೊಂಡು ಹೋದೆ.

"ಯಾರು ಬರದದ್ದು ಇದು?"

"ನಾನ್ರಿ ಅಕ್ಕೋರ."

"ನೀರು ತಾನಾ ಕೆಂಪಗ ಆಗೂದಿಲ್ಲ. ಫಿನಾಲ್ಫ್ತಲೀನ್ ಹಾಕಿದ್ರ ಗುಲಾಬಿ ಆಗ್ತೈತಿ. ಹಾಡಿನ್ಯಾಗೂ ಸುಳ್ಳ ಬರೀಬಾರದು."

ಇಷ್ಟು ಹೇಳಿ ಕೊರಳಿನ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಇಟ್ಟರು. ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಭರಭರನೆ ಮಾತಾಡುತ್ತಿದ್ದ. ಹಿಂದೆ ಡೋಲಿನಂಥ ಬಡಿತ. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ನಡುವೆ ಒಂದು ಶಬ್ದ ನಾಲ್ಕಾರು ಸಲ ಬಂತು. ಅದು ಆಕ್ಸಿಜನ್.

"ಏನಂತಾನ್ರಿ ಇಂವಾ?"

"ಎಲಿ ಹೆಂಗ ಉಸಿರಾಡ್ತಾವು ಅಂತ ಹೇಳಾಕತ್ತಾನ. ತನಗ ಗೆಳೆಯಾರಿಲ್ಲ, ಗಿಡದ ಸಂಗಾಟ ಕೂತಿದ್ದೆ ಅಂತಾನ."

ಆ ಹಾಡುಗಾರ ಎಲ್ಲೋ ದೂರದೇಶದ ಸಣ್ಣ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದವನು. ಯಾವ ಕಂಪನಿಯೂ ಅವನ ಹಿಂದೆ ಇರಲಿಲ್ಲ. ತಾನೇ ಬರೆದು, ಮನೆಯಲ್ಲೇ ರೆಕಾರ್ಡ್ ಮಾಡಿ, ತಾನೇ ಜಾಲತಾಣದಲ್ಲಿ ಮಾರುತ್ತಿದ್ದ. ಅಂಥವರ ಆಲ್ಬಮ್ಮುಗಳೇ ಅಕ್ಕೋರಿಗೆ ಪ್ರಾಣ. ದೂರದರ್ಶಕ, ಕೆಟ್ಟುಹೋದ ಕ್ಯಾಲ್ಕುಲೇಟರು, ಚದುರಂಗ, ಸೊನ್ನೆ, ಬೂಷ್ಟು, ಇಂಥವುಗಳ ಮೇಲೆ ರ‍್ಯಾಪ್ ಕಟ್ಟುವವರು. ಶಾಲೆಯಲ್ಲಿ ಎಲ್ಲರ ನಗೆಗೆ ಗುರಿಯಾಗಿ ಬೆಳೆದ, ದಪ್ಪ ಕನ್ನಡಕದ ಮಂದಿ. ಅಕ್ಕೋರು ಅದನ್ನು ಪುಸ್ತಕದ ಹುಳುಗಳ ಹಾಡು ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖದಲ್ಲಿ ಒಂದು ಠೀವಿ ಇರುತ್ತಿತ್ತು.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಾವು ಏಳು ಹುಡುಗಿಯರು ಪ್ರಯೋಗಾಲಯದ ನೆಲದ ಮೇಲೆ ಕೂತು ಒಂದೊಂದು ಆಲ್ಬಮ್ ಕೇಳುವುದು ರೂಢಿಯಾಯಿತು. ಅದಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಕೇಳಬೇಕು, ನಡುವೆ ಮಾತಾಡಬಾರದು, ಸೇರಲಿಲ್ಲವೆಂದು ಯಾವ ಹಾಡನ್ನೂ ದಾಟಿಸಬಾರದು. ನನ್ನ ಗೆಳತಿಯೊಬ್ಬಳು ಒಮ್ಮೆ "ಮೂರನೇದ್ದು ಚಲೋ ಐತ್ರಿ, ಅದನ್ನ ಹಚ್ಚೂಣು" ಎಂದಳು.

"ಊಟಕ್ಕ ಕೂತು ಬರೀ ಉಪ್ಪಿನಕಾಯಿ ನೆಕ್ಕಿ ಎದ್ದು ಹೋಗ್ತಿ ಏನು?" ಎಂದರು ಅಕ್ಕೋರು. "ಅಂವಾ ಎರಡು ವರ್ಷ ಕುಂತು ಒಂದರ ಹಿಂದ ಒಂದು ಜೋಡಿಸ್ಯಾನ. ನೀ ಮುಕ್ಕಾಲು ತಾಸು ಕುಂದರು."

ಆಮೇಲೆ ಹಾಡಿನ ಸಾಲುಗಳನ್ನು ಹಲಗೆಯ ಮೇಲೆ ಬರೆದು, ಡಿಕ್ಷನರಿ ತೆರೆದು, ಕನ್ನಡ ಮಾಡುತ್ತಿದ್ದೆವು. ಒಂದೇ ಹಾಡಿಗೆ ಮೂರು ಶನಿವಾರ ಹಿಡಿದದ್ದೂ ಇದೆ. ನನ್ನ ಇಂಗ್ಲಿಷು ಬಂದದ್ದು ಹಾಗೆ. ಅಕ್ಕೋರು ಆ ಗ್ರಂಥಾಲಯದವನಿಗೆ ಒಂದು ಇ-ಮೇಲ್ ಬರೆದಿದ್ದರು. ಒಂದು ತಿಂಗಳ ಮೇಲೆ ಉತ್ತರ ಬಂತು. ತಾನು ಬಟ್ಟೆಯ ಕಪಾಟಿನೊಳಗೆ ರಜಾಯಿ ಕಟ್ಟಿಕೊಂಡು ಹಾಡುತ್ತೇನೆ, ಇಲ್ಲದಿದ್ದರೆ ಗೋಡೆಗೆ ಬಡಿದು ಸದ್ದು ಮರಳಿ ಬರುತ್ತದೆ ಎಂದು ಬರೆದಿದ್ದ. ಮುಂದಿನ ಶನಿವಾರವೇ ಅಕ್ಕೋರು ಮನೆಯಿಂದ ಎರಡು ಕೌದಿ ತಂದು ಪ್ರಯೋಗಾಲಯದ ಎರಡು ಕಬ್ಬಿಣದ ಕಪಾಟುಗಳ ನಡುವೆ ಕಟ್ಟಿದರು. ಅದರೊಳಗೆ ಬೆವರುತ್ತಾ ನಿಂತು, ಅಕ್ಕೋರ ಮೊಬೈಲಿಗೆ ನಾನು ನನ್ನ ಸೋಡಿಯಂ ಹಾಡನ್ನು ಹೇಳಿದೆ. ನೀರು ಈಗ ಗುಲಾಬಿಯಾಗಿತ್ತು.

ಹತ್ತನೆಯ ತರಗತಿಯ ದಸರೆ ರಜೆಯ ನಂತರ ದೂರು ಬಂತು. ವಿಜ್ಞಾನದ ಅಕ್ಕೋರು ಇಂಗ್ಲಿಷಿನ ಹೊಲಸು ಹಾಡು ಕೇಳಿಸಿ ಹುಡುಗಿಯರನ್ನು ಕೆಡಿಸುತ್ತಿದ್ದಾರೆ ಎಂದು ಬರೆದು ನಾಲ್ವರು ತಂದೆಯಂದಿರು ಸಹಿ ಮಾಡಿದ್ದರು. ಅದರಲ್ಲಿ ಮನಗೂಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ನಮ್ಮಪ್ಪನೂ ಒಬ್ಬ. ಶಾಲಾ ಸಮಿತಿಯ ಅಧ್ಯಕ್ಷರು, ಹೆಡ್ ಮಾಸ್ತರರು, ಆ ನಾಲ್ವರು ಕೂಡಿ ಒಂದು ಮಧ್ಯಾಹ್ನ ಅಕ್ಕೋರನ್ನು ಕರೆಸಿದರು. ನಮ್ಮ ಏಳು ಜನರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದರು.

ಅಧ್ಯಕ್ಷರು ಜಮೀನುದಾರರು, ಕೆಟ್ಟ ಮನುಷ್ಯರಲ್ಲ. ಮೆತ್ತಗೆ ಹೇಳಿದರು: "ಅಕ್ಕೋರ, ನಿಮ್ಮ ಮಂದಿ ಹಾಡು ಬ್ಯಾರೆ ಅದಾವಲ್ರಿ. ಅವನ್ನ ಕೇಳ್ಕೋತ ಇರ್ರಿ, ಯಾರೂ ಬ್ಯಾಡನ್ನೂದಿಲ್ಲ. ಇದ್ಯಾಕ ಬೇಕು ನಿಮಗ?"

"ನನ್ನ ಕಿವಿಗೆ ನಾ ಜಾತಿ ಪ್ರಮಾಣಪತ್ರ ಮಾಡಿಸಿಲ್ರಿ," ಎಂದರು ಅಕ್ಕೋರು. ಧ್ವನಿ ಏರಿಸಲಿಲ್ಲ. "ಆ ಹಾಡೂ ಕೇಳ್ತೇನಿ, ಈ ಹಾಡೂ ಕೇಳ್ತೇನಿ. ಹೊಲಸು ಅಂತ ಬರದೀರಿ. ನಿಮ್ಮೊಳಗ ಯಾರು ಕೇಳೀರಿ ಹೇಳ್ರಿ."

ಹೆಡ್ ಮಾಸ್ತರರು ದೂರಿನ ಹಾಳೆಯನ್ನು ತಿರುವಿ ನೋಡಿದರು.

"ಹಂಗಾದ್ರ ಕುಂದರ್ರಿ. ಪೂರ್ತಿ ಕೇಳ್ರಿ. ಆಮ್ಯಾಲೆ ಏನಂತೀರಿ ಅನ್ರಿ."

ಚೀಲದಿಂದ ಸಣ್ಣದೊಂದು ಸ್ಪೀಕರು ತೆಗೆದು ಹೆಡ್ ಮಾಸ್ತರರ ಟೇಬಲ್ಲಿನ ಮೇಲಿಟ್ಟರು. ಆ ಗ್ರಂಥಾಲಯದವನ ಆಲ್ಬಮ್ ಹಚ್ಚಿದರು. ಪ್ರತಿ ಹಾಡನ್ನೂ ನಡುನಡುವೆ ನಿಲ್ಲಿಸಿ, ಸಾಲು ಸಾಲಾಗಿ ನಮ್ಮ ಭಾಷೆಯಲ್ಲಿ ಹೇಳತೊಡಗಿದರು. ಮೊದಲ ಎರಡು ಹಾಡಿಗೆ ಹಿರಿಯರು ಗಡಿಯಾರ ನೋಡುತ್ತಿದ್ದರು. ಮೂರನೆಯದು ಗೆದ್ದಲಿನದು. ಕಣ್ಣು ಕಾಣದ ಹುಳುಗಳು ಯಾವ ಇಂಜಿನಿಯರೂ ಇಲ್ಲದೆ ಗಾಳಿಯಾಡುವ ಮನೆ ಕಟ್ಟುತ್ತವೆ, ಮೇಲೆ ಬಿಸಿ ಗಾಳಿ ಹೊರಗೆ ಹೋಗಲು ದಾರಿ ಇರುತ್ತದೆ ಎಂಬ ಹಾಡು. ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಹೌದ್ರಿ. ನಮ್ಮ ಹೊಲದಾಗ ಹುತ್ತ ಒಡದಾಗ ನೋಡೇನಿ, ಒಳಗ ತಂಪ ಇರ್ತೈತಿ," ಎಂದರು. "ಇದನ್ನೂ ಹಾಡ ಕಟ್ಯಾನಲ್ಲ ಮಗಾ."

ಆರನೆಯ ಹಾಡಿನಲ್ಲಿ ಒಂದು ಕೆಟ್ಟ ಶಬ್ದ ಬರುತ್ತದೆಂದು ನಮ್ಮ ಏಳು ಜನರಿಗೂ ಗೊತ್ತಿತ್ತು. ಅಕ್ಕೋರು ಅದನ್ನು ದಾಟಿಸಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ದಾಟಿಸಲಿಲ್ಲ. ಅಲ್ಲೇ ನಿಲ್ಲಿಸಿದರು.

"ಇಲ್ಲೊಂದು ಬೈಗುಳ ಐತ್ರಿ. ತನಗ ಹೊಡೀತಿದ್ದ ಹುಡುಗುರಿಗೆ ಬೈದಾನ. ನೀವು ದಿನಾ ಎತ್ತಿಗೆ ಬೈತೀರಲ್ಲ, ಅದಕ್ಕಿಂತ ಸಣ್ಣದು." ಆ ಬೈಗುಳವನ್ನೂ ಕನ್ನಡದಲ್ಲಿ ಹೇಳಿಯೇ ಮುಂದಿನ ಸಾಲಿಗೆ ಹೋದರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದು ನಕ್ಕರು.

ಹತ್ತೂ ಹಾಡು ಮುಗಿದ ಮೇಲೆ ಹೆಡ್ ಮಾಸ್ತರರು ಸಮಾಧಾನದಿಂದ ಹೇಳಿದರು: "ಆತ್ರಿ. ಹೆಸರಿಗೆ ಒಂದು ತಪ್ಪೊಪ್ಪಿಗೆ ಬರದು ಕೊಡ್ರಿ. ಇಲ್ಲಿಗೇ ಮುಗಸೂಣು."

"ಯಾವ ತಪ್ಪಿಗ್ರಿ ಸರ್?"

"ಹೆಸರಿಗೆ ಅಂದೆನಲ್ರಿ."

"ಹೆಸರಿಗೆ ತಪ್ಪು ಒಪ್ಪಕೊಳ್ಳೂದು ನನಗ ಬರೂದಿಲ್ರಿ."

ಹೆಡ್ ಮಾಸ್ತರರು ಹುಬ್ಬು ಗಂಟಿಕ್ಕಿದರು. ಗೋಡೆಗೆ ನಿಂತಿದ್ದ ನನ್ನ ಕಡೆಗೆ ತಿರುಗಿದರು. "ಅಕ್ಕೋರು ಒತ್ತಾಯ ಮಾಡಿ ಕೇಳಸ್ತಿದ್ರೇನವಾ?"

ಅಪ್ಪ ನನ್ನನ್ನೇ ನೋಡುತ್ತಿದ್ದ. ಇಲ್ಲ ಎಂಬ ಎರಡಕ್ಷರ ಹೇಳಲು ಆಗದೆ ತಲೆ ತಗ್ಗಿಸಿದೆ. ಅಕ್ಕೋರು ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಪಕ್ಕದಲ್ಲಿ ಹಾದುಹೋಗುವಾಗ, "ನಾಳೆ ಎಂಟನೇ ಪಾಠದ ಪ್ರಶ್ನಿ ಬರಕೊಂಡು ಬಾ," ಎಂದರು. ಅಷ್ಟೇ.

ಮನೆಗೆ ಹೋದವಳು ಊಟಕ್ಕೆ ಕೂಡಲಿಲ್ಲ. "ಅಪ್ಪಾ, ಇವತ್ತು ನಾ ಸುಮ್ಮ ನಿಂತೆ. ಅದು ಸುಳ್ಳ ಹೇಳಿದಂಗ ಆತು," ಎಂದೆ. ಅಪ್ಪ ಉಣ್ಣುವುದು ಮುಗಿಸಿ ಕೈ ತೊಳೆದುಕೊಂಡ. ಆಮೇಲೆ, "ಆ ಗೆದ್ದಲದ ಹಾಡು ಬರೊಬ್ಬರಿ ಇತ್ತು," ಎಂದ. ತನ್ನ ಸಹಿ ವಾಪಸು ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ನಾನೂ ಅವನನ್ನು ಕೇಳಲಿಲ್ಲ. ನಮಗೆ ಯಾರೂ ಒತ್ತಾಯ ಮಾಡಿಲ್ಲ, ನಾವಾಗಿಯೇ ಕೇಳಿದ್ದೇವೆ, ಇನ್ನು ಮುಂದೆಯೂ ಕೇಳುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು, ಮರುದಿನ ಏಳು ಜನರೂ ಸಹಿ ಮಾಡಿ ಹೆಡ್ ಮಾಸ್ತರರ ಕೈಗೆ ಕೊಟ್ಟೆವು. ಅವರು ಓದಿ ಮಡಚಿ ಡ್ರಾವರಿನಲ್ಲಿ ಹಾಕಿದರು.

ಆ ಹಾಳೆಯಿಂದ ಏನೂ ಆಗಲಿಲ್ಲ. ದೀಪಾವಳಿ ಮುಗಿಯುವುದರೊಳಗೆ ಅಕ್ಕೋರನ್ನು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯ ಶಾಲೆಗೆ ಹಾಕಿದರು. ಹೋಗುವ ದಿನ ನಾವು ಅಳುತ್ತಾ ನಿಂತಿದ್ದರೆ ಅವರಿಗೆ ಸಿಟ್ಟು ಬಂತು.

"ಅಳಾಕ ಏನಾಗೇತಿ? ಆ ಊರಿನ ಹುಡುಗ್ಯಾರಿಗೂ ಎರಡೆರಡು ಕಿವಿ ಅದಾವು." ಹೀಗೆಂದು ಕೌದಿಗಳನ್ನು ನಮಗೆ ಬಿಟ್ಟು, ಸ್ಕೂಟಿ ಚಾಲೂ ಮಾಡಿದರು.

ನಿಜವಾಗಿಯೂ ಅಲ್ಲಿ ಮತ್ತೆ ಶುರು ಮಾಡಿದರು. ಎರಡು ವರ್ಷದ ಮೇಲೆ ನಾನು ನೋಡಲು ಹೋದಾಗ ಹನ್ನೆರಡು ಹುಡುಗಿಯರು, ನಾಲ್ವರು ಹುಡುಗರು ಬೇವಿನ ಗಿಡದ ಕೆಳಗೆ ಕೂತು ಕೇಳುತ್ತಿದ್ದರು. ಆ ಸಲ ಮರಾಠಿಯ ಇಬ್ಬರು ಹುಡುಗರು ಮನೆಯಲ್ಲೇ ಮಾಡಿದ ಆಲ್ಬಮ್. ಅಲ್ಲಿಯೂ ದೂರು ಬಂದಿತ್ತಂತೆ. ಅಲ್ಲಿಯೂ ಹಿರಿಯರನ್ನು ಕೂಡಿಸಿ ಪೂರ್ತಿ ಕೇಳಿಸಿದ್ದರಂತೆ. "ಈ ಸಲ ಬೈಗುಳ ಎರಡು ಇದ್ದುವು," ಎಂದು ಹೇಳಿ ನಕ್ಕರು.

ನಾನು ಓದು ಮುಗಿಸಿ ಸಿಂದಗಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೇ ಹಾಡಾಗಿ ಕಟ್ಟತೊಡಗಿದೆ. ಹಳೆಯ ಗೆಳತಿಯರಲ್ಲಿ ಇಬ್ಬರು ಜೊತೆಗೆ ಬಂದರು. ಮೊದಲ ಹಾಡು ಕೆಂಪು ರಕ್ತಕಣದ್ದು. ಅಕ್ಕೋರಿಗೆ ಕಳಿಸಿದೆ. ಅರ್ಧ ತಾಸಿನಲ್ಲಿ ಫೋನು ಬಂತು.

"ಮೂರನೇ ಸಾಲಿನ್ಯಾಗ ಅದರ ನಡುವ ನ್ಯೂಕ್ಲಿಯಸ್ ಐತಿ ಅಂದಿ. ಕೆಂಪು ಕಣಕ್ಕ ನ್ಯೂಕ್ಲಿಯಸ್ ಎಲ್ಲಿರ್ತೈತಿ? ಲ್ಯಾಬಿನ್ಯಾಗ ಕೂತು ಇದ ಗೊತ್ತಿಲ್ಲೇನು?"

"ಗೊತ್ತೈತ್ರಿ. ಪ್ರಾಸಕ್ಕ ಹಾಕೇನಿ."

"ಪ್ರಾಸ ಬೇಕಾದ್ರ ದುಡಿ. ಸುಳ್ಳ ಹಾಕಬ್ಯಾಡ." ಆಮೇಲೆ, "ಉಳಿದದ್ದು ಚಲೋ ಐತಿ. ನಾಕು ಸಲ ಕೇಳ್ದೆ," ಎಂದರು. ಅವರಿಂದ ನಾನು ಪಡೆದ ದೊಡ್ಡ ಹೊಗಳಿಕೆ ಅದು.

ಹೋದ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನನಗೆ ಸುದ್ದಿ ತಲುಪಿ, ನಾನು ಅಗರಖೇಡಕ್ಕೆ ಹೋದದ್ದು ಮೂರು ದಿನದ ಮೇಲೆ. ಪಡಸಾಲೆಯಲ್ಲಿ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ, ಅವುಗಳ ಕೆಳಗೆ ಅಕ್ಕೋರ ಫೋಟೋ. ವಂದನೆ ಮುಗಿದು ಮಂದಿ ಚಹಾ ಕುಡಿಯುತ್ತಿದ್ದರು. ಅಕ್ಕೋರ ತಾಯಿ ಗೋಡೆಗೆ ಒರಗಿ ಕೂತಿದ್ದರು. ಎಂಬತ್ತರ ಸಮೀಪದ ಮುದುಕಿ. ನಾನು ಯಾರೆಂದು ಹೇಳಿದಾಗ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

"ಹಾಡ ಕಟ್ಟಾಕಿ ನೀನ ಏನು? ಆಕಿ ಹೇಳ್ತಿದ್ಲು. ತಾ ಕೇಳೂದು ಇಂಗ್ಲೀಷು, ನನಗ ತಿಳೀತಿದ್ದಿಲ್ಲ. ನಿಂದು ಕನ್ನಡ ಅಂತ. ಹಚ್ಚು, ಕೇಳ್ತೇನಿ."

ನಾನು ಸುತ್ತಲೂ ನೋಡಿದೆ. "ಈಗ ಬ್ಯಾಡ ಆಯಿ. ಮಂದಿ ಅದಾರ."

"ಮಂದಿ ಇರ್ಲಿ. ಹಚ್ಚು."

ಮೊಬೈಲಿನಲ್ಲಿ, ಮೂರನೆಯ ಸಾಲು ತಿದ್ದಿದ ಕೆಂಪು ಕಣದ ಹಾಡು ಹಚ್ಚಿದೆ. ಬಡಿತ ಶುರುವಾದ ಕೂಡಲೇ ಚಹಾದ ಕಪ್ಪುಗಳು ಅಲ್ಲಲ್ಲೇ ನಿಂತವು. ಬಾಗಿಲಲ್ಲಿದ್ದ ಬೀಗರ ಪೈಕಿ ಒಬ್ಬ ಹಿರಿಯರು ಮುಂದೆ ಬಂದರು. "ಏನಿದು? ಸತ್ತ ಮನ್ಯಾಗ ಡಿಜೆ ಹಚ್ಚೀರಿ? ಬಂದ್ ಮಾಡು ತಂಗಿ."

ನನ್ನ ಬೆರಳು ಪರದೆಯ ಮೇಲೆ ಹೋಯಿತು. ಮುದುಕಿ ನನ್ನ ಮಣಿಕಟ್ಟು ಹಿಡಿದರು. ಮುಖ ಎತ್ತಿ ಆ ಹಿರಿಯರನ್ನು ನೋಡಿದರು.

"ನನ್ನ ಮಗಳ ಮನಿ ಇದು. ಆಕಿ ಶಿಷ್ಯಾಳ ಹಾಡಿದು. ನಿನಗ ಬ್ಯಾಡಾದ್ರ ಕಟ್ಟಿಗೆ ಹೋಗಿ ಕುಂದರು, ಯಪ್ಪಾ."

ಅವರು ಹೊರಗೆ ಹೋದರು. ಅವರ ಹಿಂದೆ ಇನ್ನಿಬ್ಬರು ಹೋದರು. ಉಳಿದವರು ಕೂತರು. ರಕ್ತಕಣ ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಮೈಯೆಲ್ಲ ತಿರುಗಿ, ನೂರಿಪ್ಪತ್ತು ದಿನಕ್ಕೆ ಸಾಯುವವರೆಗೂ ಹೊತ್ತ ಗಾಳಿಯನ್ನು ತಾನು ಬಳಸದೆ ಹಂಚುತ್ತದೆ ಎಂಬಲ್ಲಿಗೆ ಹಾಡು ಮುಗಿಯಿತು. ಮುದುಕಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹತ್ತಿರಬಹುದು ಎಂದು ನಾನು ಮೊಬೈಲು ಚೀಲಕ್ಕೆ ಹಾಕಲು ಹೋದೆ.

"ಇನ್ನೂ ಅದಾವೇನು?" ಎಂದರು, ಕಣ್ಣು ತೆರೆಯದೆ.

"ಇನ್ನೂ ನಾಕು ಅದಾವ್ರಿ ಆಯಿ."

"ಹಚ್ಚು."