ಸಾಕ್ಷಿಗೆ ಕೊಟ್ಟ ಮಣ್ಣು

ದೊಡ್ಡಬೆಳವಂಗಲದ ಆಸುಪಾಸಿನ ನಾಲ್ಕು ಊರುಗಳು ಒಂದಾಗಿ ತಮ್ಮ ಹೊಲಗಳ ಮಣ್ಣನ್ನು ಸುಧಾರಿಸಲು ಹೊರಟರೆ ಸಹಾಯಧನ ನೀಡುವೆವೆಂದು ಸಂಸ್ಥೆಯೊಂದು ಮುಂದೆ ಬಂದಿತ್ತು. ಅಲ್ಲಿ ಅರ್ಧ ಎಕರೆ ರಾಗಿ ಹೊಲವಿರುವ ನನಗೆ ಅರ್ಜಿ ಬರೆಯುವ ಹೊಣೆ ಬಿದ್ದಿತು. ನಮ್ಮ ಭೂಮಿ ನಿಸ್ಸಾರವಾಗಿದೆಯೆಂದು ಎರಡು ಪುಟ ವಿಲಪಿಸಿದೆ. ಸಾಕ್ಷಿಯಾಗಿ ಪ್ರತಿಯೊಬ್ಬರೂ ತಮ್ಮ ಹೊಲದ್ದೆಂದು ಒಂದೊಂದು ಚೀಲ ಮಣ್ಣು ಕೊಟ್ಟೆವು.

ಕೆಲವು ವಾರಗಳ ತರುವಾಯ ಸಂಸ್ಥೆಯ ಅಧಿಕಾರಿಣಿ ಪರೀಕ್ಷೆಯ ವರದಿಯನ್ನೂ ಉಳಿದ ಮಣ್ಣಿನ ಚೀಲಗಳನ್ನೂ ಹೊತ್ತು ನಾವೆಲ್ಲ ಸೇರಿದ್ದ ಅರಳಿಕಟ್ಟೆಗೆ ಬಂದರು.

"ಇಷ್ಟು ಒಳ್ಳೇ ಮಣ್ಣು ನಾನೆಲ್ಲೂ ನೋಡಿಲ್ಲ. ನಿಮಗ್ಯಾಕೆ ದುಡ್ಡು?"

ಹಿರಿಯ ರೈತ ಪಿಳ್ಳಪ್ಪನವರು ಬಾಯಿಬಿಟ್ಟರು: "ಪಕ್ಕದೂರೋರ ಮುಂದೆ ಬಡಕಲು ಮಣ್ಣು ಇಡಕ್ಕಾಗ್ತದಾ ಮೇಡಮ್ಮೋರೆ? ತಿಪ್ಪೆ ಪಕ್ಕದ್ದು ತುಂಬ್ಕೊಟ್ಟೆ."

"ನಂದು ಕೆರೆ ತಳದ ಗೋಡುಮಣ್ಣು," ಎಂದರು ಪಕ್ಕದೂರಿನ ಹನುಮಕ್ಕ. "ಹೆಣ್ಣು ನೋಡಕ್ಕೆ ಬಂದಾಗ ಹರಕಲು ಸೀರೆ ಉಡಿಸ್ತಾರೇನವ್ವಾ?"

ಅಧಿಕಾರಿಣಿ ನಗಲಿಲ್ಲ. ತಮ್ಮ ಕಣ್ಣೆದುರಿನಲ್ಲೇ ಹೊಲದಿಂದ ಮತ್ತೆ ಅಗೆದುಕೊಡದಿದ್ದರೆ ಅರ್ಜಿ ತಿರಸ್ಕೃತವೆಂದರು. ಕೂಡಲೇ ಅಭಿಮಾನವು ದಿಕ್ಕು ಬದಲಿಸಿತು.

"ನಮ್ಮೊಲದಾಗೆ ಗರಿಕೇನೂ ಹುಟ್ಟಲ್ಲ," ಎಂದರು ಪಿಳ್ಳಪ್ಪ.

"ಹೋಗಣ್ಣ, ನಮ್ಮದ್ರಲ್ಲಿ ಎರೆಹುಳಾನೇ ಉಪವಾಸ," ಎಂದರು ಹನುಮಕ್ಕ.

ಇವರ ಚಾಪಲ್ಯಕ್ಕೆ ನಾನು ಗಂಭೀರವಾಗಿ ತಲೆಯಾಡಿಸುತ್ತಿರುವಾಗ, ಅಧಿಕಾರಿಣಿ ನನ್ನ ಚೀಲದಿಂದ ಅರೆಸುಟ್ಟ ಹೂಬತ್ತಿಯೊಂದನ್ನು ಮೇಲೆತ್ತಿದರು.

"ಇದು ಯಾವ ಬೆಳೆ ಸರ್?"

ನಾನು ಪಿಳ್ಳಪ್ಪನವರ ಗುದ್ದಲಿಗೆ ಕೈಚಾಚಿದೆ. ಸಹಾಯಧನವೇನೋ ಮಂಜೂರಾಯಿತು. ಆದರೆ ಮನೆಯ ತುಳಸಿಕಟ್ಟೆಯನ್ನು ಅಗೆದು ಚೀಲ ತುಂಬುವಾಗ ಕನ್ನಡಕ ಧರಿಸಿರಬೇಕೆಂದು ನಾನು ಓದಿದ ಯಾವ ಶಾಸ್ತ್ರವೂ ಹೇಳಿರಲಿಲ್ಲ.