ಭಟ್ಕಳಕ್ಕೆ ಒಂದು ಬುಟ್ಟಿ ಸೇಬು

ಕುಮಟೆಯಲ್ಲಿ ಹೊನ್ನಾವರದ ಬಸ್ಸು ಹತ್ತುವಾಗ ಕಂಡಕ್ಟರ್ ನಮ್ಮ ಬುಟ್ಟಿಯನ್ನು ಮೇಲೆ ಕಟ್ಟಬೇಕೆಂದ. ಅಪ್ಪ ಒಪ್ಪಲಿಲ್ಲ.

"ಒಳಗೆ ಸೇಬು ಅದೆ ಮಾರಾಯ. ಮೇಲೆ ಹಾಕಿದ್ರೆ ಭಟ್ಕಳಕ್ಕೆ ಚಟ್ನಿ ಮುಟ್ತದೆ!"

ಬುಟ್ಟಿಯನ್ನು ತೊಡೆಯ ಮೇಲಿಟ್ಟು ಬಲಗೈಯಿಂದ ಅವುಚಿಕೊಂಡು ಕುಳಿತ. ಎಡಗೈಗೆ ಬೇಸಿಗೆಯಲ್ಲಿ ಲಕ್ವ ಹೊಡೆದಿತ್ತು. ಅಂದಿನಿಂದ ಅಪ್ಪ ಹಿಟ್ಟು ಮುಟ್ಟಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಆವತ್ತು ಮಾತ್ರ ಕೋಳಿ ಕೂಗುವ ಮೊದಲೇ ಎದ್ದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನನ್ನನ್ನೂ ಎಬ್ಬಿಸಿದ್ದ.

ಎಪ್ಪತ್ತರ ದಶಕದ ಮೊದಮೊದಲ ಮಾತಿದು. ಅಪ್ಪ ಹುಟ್ಟಿದ್ದು ಹೊನ್ನಾವರದೆದುರು, ಶರಾವತಿಯ ಆಚೆ ದಡದ ಕಾಸರಕೋಡಿನ ಮೀನುಗಾರರ ಮನೆಯಲ್ಲಿ. ಹರೆಯದಲ್ಲೇ ಬಲೆ ಬಿಟ್ಟು ಮುಂಬಯಿಗೆ ಓಡಿ, ಪ್ರಯಾಣಿಕರ ಹಡಗೊಂದರಲ್ಲಿ ಬೇಕರ್ ಆದ. ಅಲ್ಲಿ ಅವನ ಜೊತೆ ಹಿಟ್ಟು ನಾದಿದವರು ಭಟ್ಕಳದ ಇಸ್ಮಾಯಿಲ್ ಕಾಕಾ. ಇಬ್ಬರಿಗೂ ಗುರು ಆಸ್ಟ್ರಿಯಾ ದೇಶದ ಒಬ್ಬ ಮುದುಕ. ತನ್ನ ಅಜ್ಜಿಯಿಂದ ಕಲಿತ ಸ್ಟ್ರೂಡಲ್ ಎಂಬ ತಿಂಡಿಯನ್ನು ಅವನು ಇವರಿಗೆ ಕಲಿಸಿದ್ದ. ಹಿಟ್ಟನ್ನು ಕಾಗದಕ್ಕಿಂತ ತೆಳ್ಳಗೆ ಎಳೆದು, ಸೇಬು ತುಂಬಿ, ಚಾಪೆಯಂತೆ ಸುತ್ತಿ ಬೇಯಿಸುವುದು. ನಮ್ಮವರಿಬ್ಬರೂ ಅದನ್ನು 'ಸೇಬಿನ ಸುರುಳಿ' ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಕಾಕಾ ಭಟ್ಕಳದಲ್ಲಿ ಬೇಕರಿ ಹಾಕಿದ್ದರು. ಈಗ ಅಲ್ಲಿ ಹೊಸ ಒಲೆ ಕಟ್ಟಿಸಿ, ಮೀನಿನ ಲಾರಿಯ ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ್ದರು: "ಮೊದಲು ಬೇಯುವುದು ನಮ್ಮ ಸುರುಳಿಯೇ ಆಗಬೇಕು. ನೀನು ಬಾರದೆ ಒಲೆಯೊಳಗೆ ಏನೂ ಇಡುವುದಿಲ್ಲ." ಕೈಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಅಪ್ಪ ಹುಬ್ಬಳ್ಳಿಯಿಂದ ಸೇಬು ತರಿಸಿ, "ತಂಗಿ, ನನ್ನ ಕೈ ನೀನೇ ಆಗ್ಬೇಕು" ಎಂದ. ಮಗಳನ್ನು ನಮ್ಮ ಕಡೆ ಹಾಗೇ ಕರೆಯುವುದು. ನಾನು ಹೊಲಿಗೆ ಕಲಿಸುವವಳು. ಆ ಹಿಟ್ಟನ್ನು ಅಪ್ಪ ಎಳೆಯುವುದನ್ನು ನೋಡಿದ್ದೆ, ಎಳೆದಿರಲಿಲ್ಲ. ಆದರೂ ಹೂಂ ಎಂದುಬಿಟ್ಟೆ.

ಹೊನ್ನಾವರಕ್ಕೆ ಮುಕ್ಕಾಲು ಗಂಟೆಯ ದಾರಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ದಾಟಿ ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕು. ಬಂದರಿನ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದೆವು. ಅಪ್ಪ ಬನ್ಸನ್ನು ಮುರಿದು ಮೂಗಿನ ಹತ್ತಿರ ಹಿಡಿದು, "ಹಿಟ್ಟು ಇನ್ನೊಂದು ತಾಸು ನೆನೆಯಬೇಕಿತ್ತು" ಎಂದ. ತಿಂಗಳುಗಳ ಮೇಲೆ ಅವನ ಬಾಯಲ್ಲಿ ಹಿಟ್ಟಿನ ಸುದ್ದಿ! ನನಗೆ ಒಳಗೊಳಗೇ ಕುಣಿಯುವಂತಾಯಿತು.

ಲಾಂಚ್ ಹತ್ತುವ ಹೊತ್ತಿಗೆ ಗುಡುಗಿತು. ದೀಪಾವಳಿ ಮುಂಚಿನ ಮಳೆ, ಗಾಳಿ ಬೇರೆ. ಲಾಂಚಿನವ ಹಗ್ಗ ಬಿಚ್ಚಲಿಲ್ಲ. ಜನ ತಗಡಿನ ಚಪ್ಪರದಡಿ ಒತ್ತೊತ್ತಿ ನಿಂತರು.

"ಇಸ್ಮಾಯಿಲ್ ಒಲೆಗೆ ಬೆಂಕಿ ಹಾಕಿ ಆಗಿರ್ತದೆ" ಎಂದು ಅಪ್ಪ ಚಡಪಡಿಸಿದ. "ಕಾವು ಇಳಿದ್ರೆ ಮುಗೀತು."

"ಬೆಂಕಿ ಅಲ್ಲೇ ಇರ್ತದೆ ಅಜ್ಜ, ನೀವು ನೀರಿಗೆ ಬೀಳ್ಬೇಡಿ" ಎಂದಳು ಪಕ್ಕದ ಮೀನಿನವಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಬುಟ್ಟಿಯಲ್ಲೇನೆಂದು ಅವಳು ಕೇಳಿದಳು. ಮಳೆ ನಿಲ್ಲುವವರೆಗೆ ಅಪ್ಪ ಅವಳಿಗೆ ಸುರುಳಿಯ ಪೂರ್ತಿ ಕಥೆ ಹೇಳಿದ.

ಮಂಕಿ, ಶಿರಾಲಿ ದಾಟಿ ಭಟ್ಕಳ ಮುಟ್ಟಿದಾಗ ಮಧ್ಯಾಹ್ನ ಜಾರಿತ್ತು. ಬೇಕರಿಯ ಬಾಗಿಲಲ್ಲೇ ಕಾಕಾ ಓಡಿಬಂದು ಅಪ್ಪನನ್ನು ತಬ್ಬಿಕೊಂಡರು. ತಬ್ಬಿದಾಗಲೇ ಅವರಿಗೆ ಗೊತ್ತಾಯಿತು, ಅಪ್ಪನ ಒಂದು ಕೈ ಮೇಲೇಳಲಿಲ್ಲ. ಆ ಕೈಯನ್ನು ತಮ್ಮ ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಒಳಗೆ ಕರೆದೊಯ್ದರು.

ಒಳಗೆ ಕಾಕಾರ ಹೆಂಡತಿ ಜುಲೇಖಾ ಬೀಬಿ ಮತ್ತು ಅವರ ಇಬ್ಬರು ಸೊಸೆಯರು ಸೇಬು ಹೆಚ್ಚಲು ಕಾದಿದ್ದರು. ಹೆಂಗಸರು ತಮ್ಮೊಳಗೆ ನವಾಯತಿಯಲ್ಲಿ ಮಾತಾಡುತ್ತ, ನನ್ನೊಡನೆ ಕನ್ನಡಕ್ಕೆ ಹೊರಳುತ್ತಿದ್ದರು. ನಾನು ಮೈದಾಕ್ಕೆ ಬೆಚ್ಚಗಿನ ನೀರು, ಎಣ್ಣೆ, ಲಿಂಬೆರಸ ಹಾಕಿ ನಾದಿದೆ. "ಬಡಿ! ಇನ್ನೂ ಬಡಿ!" ಎಂದು ಅಪ್ಪ ಕೂಗುತ್ತಿದ್ದ. ಹಿಟ್ಟು ನೆನೆದ ಮೇಲೆ ಮೇಜಿಗೆ ಹೂವಿನ ಬಟ್ಟೆ ಹಾಸಿ, ಮೇಲೆ ಒಣಹಿಟ್ಟು ಉದುರಿಸಿ ಎಳೆಯತೊಡಗಿದೆ. ಅಂಗೈ ಮಗುಚಿ, ಮುಷ್ಟಿಯ ಬೆನ್ನಿನ ಮೇಲೆ ಹಿಟ್ಟು ಹೊತ್ತು ಹಗುರಾಗಿ ಸರಿಯಬೇಕು. ಅರ್ಧ ಮೇಜು ತುಂಬಿತು. ನಾನು ಹಿಗ್ಗಿದೆ. ಅಷ್ಟರಲ್ಲಿ ಚರ್ರೆಂದು ನಡುವೆ ಹರಿದುಹೋಯಿತು.

ಅಪ್ಪನ ಮುಖ ಬಿಳಿಚಿತು. "ಆತು. ನನ್ನಿಂದ ಇನ್ನು ಇದು ಆಗುದಿಲ್ಲ, ಇಸ್ಮಾಯಿಲ್. ಒಲೆಗೆ ಬ್ರೆಡ್ ಹಾಕು" ಎಂದು ಎದ್ದ.

ಉತ್ತರ ಕೊಟ್ಟವರು ಜುಲೇಖಾ ಬೀಬಿ. "ಕೂತ್ಕೊಳ್ಳಿ ಅಣ್ಣ. ಇಷ್ಟು ದೊಡ್ಡದು ಒಬ್ಬಳಿಂದ ಆಗ್ತದಾ? ಹಡಗಲ್ಲಿ ನೀವೂ ಇಬ್ಬರು ಇರ್ಲಿಲ್ವಾ?"

ಹಿಟ್ಟು ಮತ್ತೊಮ್ಮೆ ನಾದಿ ನೆನೆಸಿದೆವು. ಈ ಸಲ ಅವರು ಬಳೆ ತೆಗೆದಿಟ್ಟು ನನ್ನ ಎದುರು ನಿಂತರು. ಸೊಸೆಯರು ಅಕ್ಕಪಕ್ಕ. ನಾಲ್ಕು ಕಡೆಯಿಂದ ಎಂಟು ಕೈ ಹಿಟ್ಟಿನ ಕೆಳಗೆ ಹೋದವು. ಅಪ್ಪ ಕುರ್ಚಿಯಿಂದ ಎದ್ದು ಮೇಜಿನ ಸುತ್ತ ತಿರುಗತೊಡಗಿದ. "ಮೂಲೆ ಬಿಡು. ನಡುವೆ ದಪ್ಪ ಅದೆ. ಉಸಿರು ಬಿಡು ತಂಗಿ, ಮೆಲ್ಲ!" ಹಿಟ್ಟು ಹರಡಿತು, ಹರಡಿತು, ಮೇಜಿನ ಅಂಚು ದಾಟಿ ಇಳಿಬಿತ್ತು. ಬಟ್ಟೆಯ ಕೆಂಪು ಹೂವು ಒಂದೊಂದೇ ಕೆಳಗಿನಿಂದ ಮೂಡಿಬಂದವು. ಆಗ ಕಾಕಾ "ಶಾಬಾಸ್!" ಎಂದು ಕೂಗಿದ್ದು ಬೀದಿಗೇ ಕೇಳಿಸಿರಬೇಕು.

ಬೆಣ್ಣೆ, ಹುರಿದ ರಸ್ಕಿನ ಪುಡಿ, ಸೇಬು, ಸಕ್ಕರೆ, ದಾಲ್ಚಿನ್ನಿ, ಒಣದ್ರಾಕ್ಷಿ. ಬಟ್ಟೆಯ ತುದಿ ಎತ್ತಿದರೆ ಸುರುಳಿ ತಾನೇ ಉರುಳಿಕೊಂಡು ಸುತ್ತಿತು. ಉದ್ದನೆಯ ಹಲಗೆಯಲ್ಲಿ ಅದನ್ನು ಒಲೆಗೆ ತಳ್ಳಿದ್ದು ಅಪ್ಪ, ಬಲಗೈಯಿಂದ. ಹಿಂದಿನಿಂದ ಕಾಕಾ ಕೈಕೊಟ್ಟರು. ಸ್ವಲ್ಪ ಹೊತ್ತಿಗೆ ಪರಿಮಳ ಹೊರಬಿತ್ತು. ಬೀದಿಯಲ್ಲಿ ಹೋಗುವವರು ನಿಂತರು. ತೆಗೆದಾಗ ಹೊಂಬಣ್ಣ; ಚಾಕು ಇಟ್ಟರೆ ಒಣಗಿದ ಎಲೆ ತುಳಿದ ಹಾಗೆ ಸದ್ದು. ಒಂದು ತುದಿ ಒಡೆದು ರಸ ಸೋರಿ ಕರಕಲಾಗಿತ್ತು. ಆ ತುಂಡಿಗಾಗಿ ಇಬ್ಬರೂ ಮುದುಕರು ಜಗಳಾಡಿದರು.

ಮರುದಿನ ಬೆಳಿಗ್ಗೆ ಬಾಳೆಲೆಯಲ್ಲಿ ಕಟ್ಟಿಸಿಕೊಂಡ ತುಂಡುಗಳೊಡನೆ ಮರಳಿದೆವು. ಲಾಂಚಿಗೆ ಹೋಗಬೇಕಾದ ಅಪ್ಪ ಕಾಸರಕೋಡಿನಲ್ಲಿ ದಾರಿ ಬಿಟ್ಟು ಕಡಲ ಕಡೆ ನಡೆದ. ಮರಳಿನಲ್ಲಿ ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿಯ ಮುಂದೆ ನಿಂತ. ಅವಳು ಅವನ ಅಕ್ಕ, ದುರ್ಗಿ ಅತ್ತೆ. ಬಲೆ ಬಿಟ್ಟು ಓಡಿದವನೆಂದು ಅವನೊಡನೆ ನೆಟ್ಟಗೆ ಮಾತಾಡದವಳು.

ಅಪ್ಪ ಎಲೆ ಬಿಚ್ಚಿ ಚಾಚಿದ.

"ಎಂತದು?"

"ನಾನು ಹಡಗಲ್ಲಿ ಮಾಡ್ತಿದ್ದದ್ದು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಒಂದು ತುಂಡು ಬಾಯಿಗಿಟ್ಟಳು. ನಿಧಾನ ಅಗಿದಳು. ಕಾಗೆ ಓಡಿಸಿ ಇನ್ನೊಂದು ತುಂಡು ತೆಗೆದುಕೊಂಡಳು. ಮೊದಲ ಸಲವೆಂಬಂತೆ ತಮ್ಮನ ಜೋತುಬಿದ್ದ ಕೈ ನೋಡಿದಳು.

"ಇದಕ್ಕೇನಾ ನೀನು ಓಡಿದ್ದು?" ಎಂದಳು. "ಅಡ್ಡಿಲ್ಲ. ಕೂತ್ಕೋ, ಗಂಜಿ ಉಂಡು ಹೋಗು."

ನಾವು ಹಿಡಿಯಬೇಕಿದ್ದ ಲಾಂಚ್ ದೂರದಲ್ಲಿ ಸೀಟಿ ಹೊಡೆಯಿತು. ಅಪ್ಪ ಆಗಲೇ ಚಪ್ಪಲಿ ಬಿಚ್ಚಿ ಮರಳಿನಲ್ಲಿ ಕುಳಿತಿದ್ದ.